ಆಮ್ಲಜನಕ ಎಂಬ ತಪ್ಪು ಹೆಸರು

ಪುಣೆಯಲ್ಲಿ ಬಿ.ಎ. ಓದುತ್ತಿರುವ ನನ್ನ ಅಕ್ಕನ ಮಗಳು ಹತ್ತನೇ ತರಗತಿಗೇ ರಸಾಯನಶಾಸ್ತ್ರಕ್ಕೆ ಕೈಮುಗಿದವಳು. ಆದರೆ ಅವಳಿಗೂ ಪರಿಸರ ಅಧ್ಯಯನ ಕಡ್ಡಾಯ. ಕಳೆದ ಭಾನುವಾರ ಆಮ್ಲಮಳೆಯ ಪಾಠ ಹಿಡಿದು ಬಂದಳು. ‘ಮಾಮಾ, ಆಸಿಡ್ ಅಂದ್ರೆ ಏನು?’ ನಾನು ಪಿಎಚ್, ಅಯಾನು ಎಂದು ಶುರುಮಾಡಿದೆ. ಅವಳ ಕಣ್ಣು ಮೊಬೈಲಿಗೆ ಹೋಯಿತು. ನನ್ನ ಎಂಟೆಕ್ ಅಲ್ಲಿಗೆ ಮುಗಿಯಿತು.

ಆಗ ಶಾಲೆಯಲ್ಲಿ ಕಲಿತ ಪದವೊಂದು ನೆನಪಾಯಿತು: ಆಮ್ಲಜನಕ. ಆಮ್ಲವನ್ನು ಹುಟ್ಟಿಸುವುದು ಎಂದರ್ಥ. ಫ್ರಾನ್ಸಿನ ಲವಾಸಿಯೆ ಗ್ರೀಕ್ ಬೇರುಗಳಿಂದ ಕಟ್ಟಿದ ‘ಆಕ್ಸಿಜನ್’ ಪದದ ಅರ್ಥವೂ ಅದೇ. ಎಲ್ಲ ಆಮ್ಲಗಳಲ್ಲೂ ಈ ಅನಿಲ ಇರುತ್ತದೆಂದು ಆತ ನಂಬಿದ್ದ. 1810ರಲ್ಲಿ ಇಂಗ್ಲೆಂಡಿನ ಹಂಫ್ರಿ ಡೇವಿ, ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದು ಇಲ್ಲವೇ ಇಲ್ಲ ಎಂದು ತೋರಿಸಿದ. ಹುಳಿಯ ಮೂಲ ಜಲಜನಕ. ನಂಬಿಕೆ ಬಿತ್ತು, ಹೆಸರು ಉಳಿಯಿತು, ಕನ್ನಡಕ್ಕೂ ಬಂತು.

ಅವಳು ಮೊಬೈಲ್ ಕೆಳಗಿಟ್ಟಳು. ‘ಹಾಗಾದ್ರೆ ತಪ್ಪು ಅಂತ ಗೊತ್ತಿದ್ದೂ ಅದನ್ನೇ ಕರೀತೀವಾ?’

1918ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರ ಜೊತೆಗೂಡಿ ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆ ತಂದರು. ಅದು ನಡೆದದ್ದು ಎರಡೇ ವರ್ಷ. ಪ್ರಯೋಗಶಾಲೆಗೆ ಎಂದೂ ಕಾಲಿಡದವರಿಗೂ ವಿಜ್ಞಾನ ಬೇಕು, ಅದು ಅವರ ಮಾತಿನಲ್ಲೇ ಸಿಗಬೇಕು ಎಂಬುದು ಅವರ ಹಟ. ನೂರು ವರ್ಷದ ಮೇಲೆ, ಪುಣೆಯ ಫ್ಲಾಟೊಂದರಲ್ಲಿ, ಆ ಹಟ ನನಗೆ ಅರ್ಥವಾಯಿತು. ಕಲಾ ವಿದ್ಯಾರ್ಥಿಗೆ ಮೊದಲು ಬೇಕಾದದ್ದು ಸಮೀಕರಣವಲ್ಲ. ವಿಜ್ಞಾನಿಯೂ ತಪ್ಪುತ್ತಾನೆ, ಆ ತಪ್ಪನ್ನು ಇನ್ನೊಬ್ಬ ತಿದ್ದುತ್ತಾನೆ ಎಂಬ ಕತೆ.