ಹಾಡುವ ಕಂಬ, ಅಳೆಯುವ ಬೆಳಕು

ಹಂಪಿಯ ವಿಜಯವಿಠ್ಠಲ ದೇವಾಲಯದ ಮಹಾಮಂಟಪದ ಕಂಬಗಳನ್ನು ಬೆರಳಿನಿಂದ ತಟ್ಟಿದರೆ ನಾದ ಹೊರಡುತ್ತದೆಂಬುದು ಎಲ್ಲರಿಗೂ ಗೊತ್ತು. ಒಂದು ಗಂಟೆಯಂತೆ, ಇನ್ನೊಂದು ಮೃದಂಗದಂತೆ ಎನ್ನುತ್ತಾರೆ. ಒಳಗೆ ಟೊಳ್ಳಿರಬೇಕು, ಇಲ್ಲವೇ ಲೋಹ ಬೆರೆಸಿರಬೇಕು ಎಂಬ ಊಹೆ ಹಳೆಯದು. ಗುಟ್ಟು ತಿಳಿಯಲು ಬ್ರಿಟಿಷರು ಎರಡು ಕಂಬ ಕೊಯ್ದು ನೋಡಿದರಂತೆ. ಇದು ಗೈಡುಗಳು ಹೇಳುವ ಕಥೆ. ನಂಬುವುದು ಅವರವರಿಗೆ ಬಿಟ್ಟದ್ದು.

ಕೊಯ್ಯದೆಯೇ ಉತ್ತರ ಕಂಡುಕೊಂಡವರು ಕಲ್ಪಾಕ್ಕಂನ ಇಂದಿರಾ ಗಾಂಧಿ ಅಣು ಸಂಶೋಧನಾ ಕೇಂದ್ರದ ಅನೀಶ್ ಕುಮಾರ್, ಟಿ. ಜಯಕುಮಾರ್, ಬಲದೇವ್ ರಾಜ್ ಮತ್ತು ಸಂಗಡಿಗರು. ಹೆಸರಾದ 11 ಕಂಬಗಳ ನಾದವನ್ನು ಧ್ವನಿಮುದ್ರಿಸಿ, ಅದರಲ್ಲಿನ ಕಂಪನಾಂಕಗಳನ್ನು ಬಿಡಿಸಿದರು. ಶ್ರವಣಾತೀತ ತರಂಗಗಳನ್ನು ಕಲ್ಲಿನೊಳಗೆ ಹಾಯಿಸಿದರು. 2008ರಲ್ಲಿ ಪ್ರಕಟವಾದ ಅವರ ಲೇಖನದ ಪ್ರಕಾರ ಕಂಬದ ಕಡ್ಡಿಗಳು ಗಟ್ಟಿ ಕಲ್ಲೇ. ತಟ್ಟಿದಾಗ ಅವು ಕಣ್ಣಿಗೆ ಕಾಣದಷ್ಟು ಬಾಗಿ ನಡುಗುತ್ತವೆ, ಅಷ್ಟೆ. ಬಾಗುವ ಕಡ್ಡಿಯ ಉದ್ದ ಅರ್ಧವಾದರೆ ಕಂಪನ ನಾಲ್ಕು ಪಟ್ಟಾಗುತ್ತದೆ. ದಪ್ಪ ಹೆಚ್ಚಿದರೂ ಸ್ವರ ಏರುತ್ತದೆ. ಶಿಲ್ಪಿಯ ಉಳಿಗೆ ಈ ಲೆಕ್ಕ ಅನುಭವದಿಂದಲೇ ತಿಳಿದಿರಬೇಕು.

ಇಂಥ ನಡುಕವನ್ನು ಮುಟ್ಟದೆ ಅಳೆಯುವ ಸಾಧನವೂ ಇದೆ: ಲೇಸರ್. ಹೊಸಪೇಟೆ ನಿಲ್ದಾಣಕ್ಕೆ ಬರುವ ರೈಲಿನ ಸೀಟಿ ಹತ್ತಿರವಾಗುವಾಗ ತಾರಕಕ್ಕೇರಿ, ದೂರವಾಗುವಾಗ ಇಳಿಯುತ್ತದಲ್ಲವೇ? 1842ರಲ್ಲಿ ಡಾಪ್ಲರ್ ಹೇಳಿದ ಈ ನಿಯಮ ಬೆಳಕಿಗೂ ಅನ್ವಯಿಸುತ್ತದೆ. ಚಲಿಸುವ ಮೇಲ್ಮೈಯಿಂದ ಮರಳಿದ ಲೇಸರ್ ಬೆಳಕನ್ನು ಮೂಲ ಬೆಳಕಿನೊಡನೆ ಬೆರೆಸಿದರೆ, ಎರಡರ ವ್ಯತ್ಯಾಸವೇ ವೇಗವನ್ನು ಹೇಳುತ್ತದೆ. 1964ರಲ್ಲಿ ಯೇ ಮತ್ತು ಕಮಿನ್ಸ್ ಹೀಗೆ ನೀರಿನ ಹರಿವನ್ನು ಅಳೆದರು. 1972ರಲ್ಲಿ ಅಮೆರಿಕದ ಬಾರ್ಕರ್ ಮತ್ತು ಹೊಲೆನ್‌ಬಾಕ್ ಆಘಾತ ತರಂಗಗಳಿಗೆಂದೇ ಇದನ್ನು ಹದಗೊಳಿಸಿದರು. ಎಲೆಕ್ಟ್ರಾನುಗಳ ಕ್ಷಣಿಕ ಧಾರೆ ಲೋಹದ ಹಲಗೆಗೆ ಬಡಿದಾಗ ಒಳಭಾಗ ಥಟ್ಟನೆ ಕಾಯುತ್ತದೆ; ಹಿಗ್ಗಲು ಸಮಯವೇ ಇರುವುದಿಲ್ಲ. ಆ ಒತ್ತಡ ಅಲೆಯಾಗಿ ಓಡಿ ಹಲಗೆಯ ಹಿಂಬದಿಯನ್ನು ಜಿಗಿಸುತ್ತದೆ. ಆ ಜಿಗಿತವನ್ನು ಓದುವುದು ಲೇಸರ್. ತಟ್ಟುವ ಬೆರಳಿಗೂ ಈ ಧಾರೆಗೂ ಅಳತೆಯಲ್ಲಿ ಅಜಗಜಾಂತರ; ಆದರೆ ಹೊಡೆತ ಬಿದ್ದಲ್ಲಿಂದ ಅಲೆ ಹೊರಡುವುದು ಎರಡರಲ್ಲೂ ಒಂದೇ.

ಇಟಲಿಯಲ್ಲಿ ಚರ್ಚಿನ ಭಿತ್ತಿಚಿತ್ರಗಳ ಗಾರೆ ಎಲ್ಲಿ ಸಡಿಲವಾಗಿದೆಯೆಂದು ಲೇಸರಿನಿಂದ ಪತ್ತೆ ಮಾಡಿದ್ದಾರೆ. ಹಂಪಿಗೂ ಇದು ಬೇಕಾದೀತು. 1565ರ ಸೋಲಿನ ನಂತರ ಈ ದೇವಾಲಯದಲ್ಲಿ ಭಾರಿ ಬೆಂಕಿ ಹಚ್ಚಲಾಯಿತೆಂದು ರಾಬರ್ಟ್ ಸಿವೆಲ್ 1900ರಲ್ಲಿ ಬರೆದ. ಬೆಂಕಿ ಕಂಡ ಕಲ್ಲಿನಲ್ಲಿ ಕೂದಲೆಳೆಯ ಬಿರುಕುಗಳು ಉಳಿಯುತ್ತವೆ, ಅಲೆಯ ವೇಗ ಅಲ್ಲಿ ತಗ್ಗುತ್ತದೆ. ಆಮೇಲೆ ಬಂದದ್ದು ನಮ್ಮೆಲ್ಲರ ಬೆರಳು, ಕೋಲು, ನಾಣ್ಯಗಳ ಪೆಟ್ಟು. ಪುರಾತತ್ವ ಇಲಾಖೆ ಈಗ ಕಂಬ ತಟ್ಟುವುದನ್ನು ನಿಷೇಧಿಸಿದೆ.