ನಮ್ಮನೆ ಬೆಕ್ಕು ಎಡಚಿ

ನಮ್ಮನೆ ಬೆಕ್ಕು ಎಡಚಿ. ಹೆಸರು ಪುಟ್ಟಿ, ವಯಸ್ಸು ನಾಲ್ಕು. ಮೇಜಿನ ಅಂಚಿನ ಪೆನ್ನು ಬೀಳಿಸೋದು, ಬಾಗಿಲ ಸಂದಿಯಲ್ಲಿ ಕೈ ತೂರಿಸೋದು, ನೀರಿಗೆ ಕೈ ಅದ್ದಿ ನೆಕ್ಕೋದು ಎಲ್ಲಾ ಎಡಗೈಯಲ್ಲೇ. (ಮುಂಗಾಲು ಅನ್ನಬೇಕು ನಿಜ, ಆದರೆ ಅವಳ ಕೆಲಸ ನೋಡಿದವರು ಅದನ್ನು ಕಾಲು ಅನ್ನಲಾರರು!) ಖಾಲಿ ಜಾಮ್ ಬಾಟಲಿಯ ತಳಕ್ಕೆ ಮೀನಿನ ಚೂರು ಹಾಕಿ ಎಣಿಸಿಯೂ ನೋಡಿದೆ. ಹತ್ತು ಸಲದಲ್ಲಿ ಎಂಟು ಸಲ ಎಡಗೈಯೇ.

ಹೀಗೆ ಬೆಕ್ಕಿನ ಕೈ ಎಣಿಸುತ್ತಾ ಕೂತವರಲ್ಲಿ ನಾನೇ ಮೊದಲಿಗನಲ್ಲ. 1955ರಲ್ಲೇ ಜೆ. ಕೋಲ್ ಎಂಬ ವಿಜ್ಞಾನಿ 60 ಬೆಕ್ಕುಗಳನ್ನು ಪರೀಕ್ಷಿಸಿದ್ದರು. ಅರ್ಧಕ್ಕಿಂತ ಹೆಚ್ಚು ಬೆಕ್ಕುಗಳಿಗೆ ಯಾವುದೋ ಒಂದು ಕೈ ಮೇಲೆ ಒಲವಿತ್ತು, ಅದರಲ್ಲೂ ಎಡಗೈಯವೇ ಜಾಸ್ತಿ. 1990ರಲ್ಲಿ ಟರ್ಕಿಯ ಉನರ್ ತಾನ್ ಮತ್ತು ಸಂಗಡಿಗರು ಇನ್ನೂ ಹೆಚ್ಚು ಬೆಕ್ಕುಗಳನ್ನು ಹಿಡಿದು ನೋಡಿದರೆ, ಬಲಗೈಯವು ತುಸು ಮುಂದೆ! ಯಾರನ್ನ ನಂಬೋಣ ಹೇಳಿ?

2009ರಲ್ಲಿ ಬೆಲ್‌ಫಾಸ್ಟ್‌ನ ಕ್ವೀನ್ಸ್ ವಿಶ್ವವಿದ್ಯಾಲಯದ ಡೆಬೊರಾ ವೆಲ್ಸ್ ಮತ್ತು ಸಾರಾ ಮಿಲ್ಸಾಪ್ 42 ಬೆಕ್ಕುಗಳನ್ನು ಪರೀಕ್ಷಿಸಿದರು. 21 ಗಂಡು, 21 ಹೆಣ್ಣು. ತಲೆ ಮೇಲೆ ಆಟಿಕೆ ತೂಗಾಡಿಸಿದಾಗ ಅವು ಯಾವ ಕೈ ಬೇಕಾದರೂ ಬಳಸಿದವು. ಆದರೆ ಕಿರಿದಾದ ಜಾಡಿಯೊಳಗೆ ಟ್ಯೂನಾ ಮೀನು ಇಟ್ಟಾಗ ಚಿತ್ರವೇ ಬೇರೆ. ಹೆಚ್ಚುಕಮ್ಮಿ ಎಲ್ಲ ಗಂಡುಗಳೂ ಎಡಗೈ, ಹೆಚ್ಚುಕಮ್ಮಿ ಎಲ್ಲ ಹೆಣ್ಣುಗಳೂ ಬಲಗೈ. ಅಂದರೆ ಕೆಲಸ ಸುಲಭವಿದ್ದಾಗ ಕೈ ಯಾವುದಾದರೇನು, ಕಷ್ಟದ ಕೆಲಸಕ್ಕೆ ಮಾತ್ರ ನೆಚ್ಚಿನ ಕೈಯೇ ಬೇಕು. ಈ ಲೆಕ್ಕದಲ್ಲಿ ನಮ್ಮ ಪುಟ್ಟಿ ಬಲಗೈಯವಳಾಗಬೇಕಿತ್ತು. ಅವಳು ಆ ಪ್ರಬಂಧ ಓದಿಲ್ಲ :-)

ಇಲ್ಲಿ ಇನ್ನೊಂದು ಹಳೇ ಕಥೆ ಹೇಳಲೇಬೇಕು. ಅಮೆರಿಕದ ಎಡ್ವಿನ್ ಗತ್ರಿ ಮತ್ತು ಜಾರ್ಜ್ ಹಾರ್ಟನ್ ಬೆಕ್ಕುಗಳನ್ನು ಗಾಜಿನ ಪೆಟ್ಟಿಗೆಯಲ್ಲಿ ಬಿಟ್ಟರು. ಒಳಗೊಂದು ಕೋಲು, ಅದನ್ನು ಮುಟ್ಟಿದರೆ ಬಾಗಿಲು ತೆಗೆಯುತ್ತದೆ. ಬೆಕ್ಕುಗಳು ಪ್ರತಿಸಲವೂ ಹೆಚ್ಚುಕಮ್ಮಿ ಒಂದೇ ಭಂಗಿಯಲ್ಲಿ ಕೋಲಿಗೆ ಮೈ ಉಜ್ಜಿ ಹೊರಬಂದವು. ಒಮ್ಮೆ ಬಿಡಿಸಿದ ಚಲನೆಯನ್ನೇ ಅವು ಮತ್ತೆ ಮತ್ತೆ ಮಾಡುತ್ತವೆ, ಕಲಿಕೆ ಅಂದರೆ ಇದೇ ಅಂತ 1946ರಲ್ಲಿ ಪುಸ್ತಕವನ್ನೇ ಬರೆದರು. 1979ರಲ್ಲಿ ಬ್ರೂಸ್ ಮೂರ್ ಮತ್ತು ಸುಸಾನ್ ಸ್ಟಟ್ಟರ್ಡ್ ಅದನ್ನೇ ಬೇರೆ ಥರ ಮಾಡಿದರು. ಕೋಲು ಮುಟ್ಟಿದರೆ ಬಾಗಿಲೂ ಇಲ್ಲ, ತಿಂಡಿಯೂ ಇಲ್ಲ. ಆದರೂ ಎದುರಿಗೆ ಮನುಷ್ಯ ಕಂಡರೆ ಬೆಕ್ಕುಗಳು ಕೋಲಿಗೆ ಮೈ ಉಜ್ಜಿದವು, ಮನುಷ್ಯ ಕಾಣದಿದ್ದರೆ ಉಜ್ಜಲಿಲ್ಲ. ಅವು ಪಾಠ ಒಪ್ಪಿಸುತ್ತಿರಲಿಲ್ಲ, ಎದುರು ಕೂತವರಿಗೆ 'ಬಂದ್ಯಾ ಮಾರಾಯ' ಅನ್ನುತ್ತಿದ್ದವು, ಅಷ್ಟೇ! ನೋಡುವವರು ಎದುರಿಗೆ ಕೂತದ್ದರಿಂದಲೇ ನೋಡಿದ ಸಂಗತಿ ಹುಟ್ಟಿತ್ತು.

2018ರಲ್ಲಿ ಬೆಲ್‌ಫಾಸ್ಟ್‌ನವರು ಬೇರೆ ದಾರಿ ಹಿಡಿದರು. 44 ಬೆಕ್ಕುಗಳ ಲೆಕ್ಕವನ್ನು ಸಾಕಿದವರ ಕೈಗೇ ಕೊಟ್ಟರು. ಮನೆಯಲ್ಲಿ ತನ್ನ ಪಾಡಿಗೆ ಮೆಟ್ಟಿಲು ಇಳಿಯುವಾಗ ಯಾವ ಕಾಲು ಮುಂದೆ, ತಿಂಡಿಗೆ ಯಾವ ಕೈ ಅಂತ ಬರೆದಿಡಬೇಕು. ತಿಂಡಿಗೆ ಕೈಚಾಚುವಾಗ ಶೇ. 73, ಮೆಟ್ಟಿಲಿಳಿಯುವಾಗ ಶೇ. 70 ಬೆಕ್ಕುಗಳಿಗೆ ಸ್ಪಷ್ಟ ಒಲವಿತ್ತು. ಇಲ್ಲೂ ಗಂಡುಗಳು ಎಡಕ್ಕೆ, ಹೆಣ್ಣುಗಳು ಬಲಕ್ಕೆ ವಾಲಿದ್ದವು. ಮನುಷ್ಯರಂತೆ ಇಡೀ ಕುಲವೇ ಬಲಗೈಯದ್ದಲ್ಲ.

ನೋಡುವವರು ಇದ್ದರೆ ಮನುಷ್ಯರೂ ಬದಲಾಗುತ್ತಾರೆ. 1986ರಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆ ವಾಸನೆಯ ಬಗ್ಗೆ ಒಂದು ಸಮೀಕ್ಷೆ ಮಾಡಿತು. ಜೊತೆಗೆ ಯಾವ ಕೈಯಲ್ಲಿ ಬರೆಯುತ್ತೀರಿ ಅಂತಲೂ ಕೇಳಿತ್ತು. ಹತ್ತು ಲಕ್ಷಕ್ಕೂ ಹೆಚ್ಚು ಅಮೆರಿಕನ್ನರು ಉತ್ತರ ಕೊಟ್ಟರು. 1900ರ ಆಸುಪಾಸು ಹುಟ್ಟಿದವರಲ್ಲಿ ಎಡಚರು ನೂರಕ್ಕೆ ಮೂರೋ ನಾಲ್ಕೋ. ಶತಮಾನದ ನಡುವೆ ಹುಟ್ಟಿದವರಲ್ಲಿ ನೂರಕ್ಕೆ ಹತ್ತಕ್ಕಿಂತ ಜಾಸ್ತಿ. ಐವತ್ತು ವರ್ಷದಲ್ಲಿ ಮನುಷ್ಯನ ಮೆದುಳೇನೂ ಬದಲಾಗಿರಲಿಕ್ಕಿಲ್ಲ. ಎಡಗೈ ಮೇಲೆ ಬೀಳುತ್ತಿದ್ದ ಪೆಟ್ಟು ಕಡಿಮೆಯಾಗಿತ್ತು.

ಆ ಪೆಟ್ಟು ನನಗೂ ಗೊತ್ತು. ನಾನೂ ಹುಟ್ಟಾ ಎಡಚ. 'ಎಡಗೈಲಿ ಕೊಡಬಾರದು, ಎಡಗೈಲಿ ತಿನ್ನಬಾರದು' ಅಂತ ಮನೆಯಲ್ಲಿ ಅಜ್ಜಿ, ಸ್ಲೇಟು ಹಿಡಿದರೆ ಬೆರಳ ಗಂಟಿನ ಮೇಲೆ ಅಡಿಕೋಲು ಇಳಿಸುತ್ತಿದ್ದ ಮೇಷ್ಟ್ರು. ಈಗ ಬರೆಯೋದು ಬಲಗೈ. ಹಲ್ಲುಜ್ಜೋದು, ಚೆಂಡೆಸೆಯೋದು, ಸುತ್ತಿಗೆ ಹಿಡಿಯೋದು ಎಡಗೈ. ಎಣಿಸಲು ಬಂದವರು ನನ್ನನ್ನು ಯಾವ ಪಟ್ಟಿಗೆ ಸೇರಿಸುತ್ತಾರೋ ಕಾಣೆ. ಪುಟ್ಟಿಗೆ ಮಾತ್ರ ಯಾವ ಅಜ್ಜಿಯೂ 'ಆ ಕೈ ಬೇಡ ಮಗೂ' ಅನ್ನಲಿಲ್ಲ.

ತಂಗಿಯ ಮಗಳಿಗೆ ಈಗ ಮೂರು ವರ್ಷ. ಹೋದ ಭಾನುವಾರ ಊಟಕ್ಕೆ ಕೂತಾಗ ಚಮಚ ಎಡಗೈಯಲ್ಲಿ ಹಿಡಿದಿದ್ದಳು. ಹಿರಿಯರೊಬ್ಬರು ಅದನ್ನು ತೆಗೆದು ಬಲಗೈಗೆ ಇಟ್ಟರು. ಅವಳು ಸುಮ್ಮನೆ ಮತ್ತೆ ಎಡಗೈಗೆ ಬದಲಾಯಿಸಿಕೊಂಡಳು. ಅವರು ಮತ್ತೆ ಬಲಕ್ಕೆ ಕೊಟ್ಟರು. ಮೂರನೇ ಸಲಕ್ಕೆ ಮಗು ಎಲ್ಲರ ಮುಖ ನೋಡತೊಡಗಿತು.

"ಬಿಡಿ, ಅವಳಿಗೆ ಯಾವ ಕೈ ಸರಿಯೋ ಅದರಲ್ಲೇ ತಿನ್ನಲಿ" ಅಂದೆ. ನನ್ನ ದನಿ ಬೇಕಿದ್ದಕ್ಕಿಂತ ತುಸು ಜೋರಾಗಿಯೇ ಇತ್ತು ಅಂತ ಆಮೇಲೆ ತಂಗಿ ಹೇಳಿದಳು.