ಅಕ್ಷರವಿಲ್ಲದ ಶಾಸನಗಳು

ಮಾಗಡಿ ತಾಲ್ಲೂಕಿನ ತಿಪ್ಪಸಂದ್ರವೆಂಬ ಹೆಸರಿನ ಉತ್ತರಪದವು ‘ಸಮುದ್ರ’ ಶಬ್ದದ ತದ್ಭವರೂಪ. ದೊಡ್ಡ ಕೆರೆಗೂ ಅದರ ಬಳಿಯ ಊರಿಗೂ ಈ ಹೆಸರನ್ನಿಡುವ ವಾಡಿಕೆಯನ್ನು ಶಾಸನಗಳಲ್ಲಿ ಕಾಣುತ್ತೇವೆ. ಈಗ ‘ಸಂದ್ರ’ವೆಂದರೆ ಕೆರೆ ನೆನಪಿಗೆ ಬರುವುದು ಅಪೂರ್ವ, ಊರಿನ ಗುರುತಷ್ಟೇ ಉಳಿದಿದೆ. ಸಂಜ್ಞೆಗೂ ಅರ್ಥಕ್ಕೂ ಇರುವ ಸಂಬಂಧವು ಸಹಜವಾದುದಲ್ಲ, ಜನಸಮ್ಮತವಾದುದೆಂಬ ವಿಚಾರವನ್ನು 1916ರಲ್ಲಿ ಅಚ್ಚಾದ ಸಸ್ಯೂರನ ಉಪನ್ಯಾಸಗಳು ಪ್ರತಿಪಾದಿಸುತ್ತವೆ.

ಕಲ್ಲಿನ ಮೇಲಣ ಗುರುತುಗಳ ವಿಷಯವೂ ಅಂತಹುದೇ. ಮಾಗಡಿಯ ಶಾಸನಗಳು ರೈಸರ ‘ಎಪಿಗ್ರಾಫಿಯ ಕರ್ನಾಟಿಕ’ದ ಒಂಬತ್ತನೆಯ ಸಂಪುಟದಲ್ಲಿ 1905ರಲ್ಲಿ ಪ್ರಕಟವಾದುವು, ಅಲ್ಲಿ ಪ್ರಾಧಾನ್ಯವು ಅಕ್ಷರಪಾಠಕ್ಕೆ. ಆದರೆ ಓದಬಲ್ಲವರು ವಿರಳವಾಗಿದ್ದ ಕಾಲದಲ್ಲಿ ಕನ್ನಡನಾಡಿನ ಹೊಲಗಳ ಎಲ್ಲೆಯನ್ನು ಸಾರುತ್ತಿದ್ದುದು ಮುದ್ರೆಗಲ್ಲು. ಲಿಂಗಮುದ್ರೆಯು ಶಿವಾಲಯದ ಭೂಮಿಯನ್ನೂ, ಮುಕ್ಕೊಡೆಯು ಬಸದಿಯ ಭೂಮಿಯನ್ನೂ, ಕೊಡೆ ಕಮಂಡಲುಗಳ ವಾಮನನು ಬ್ರಾಹ್ಮಣರ ದತ್ತಿಯನ್ನೂ ಸೂಚಿಸುತ್ತಿದ್ದುವು. ಬಲಿಯಲ್ಲಿ ನೆಲವನ್ನು ಬೇಡಿದವನ ಕಥೆಯನ್ನರಿಯದವನಿಗೆ ಈ ಕಡೆಯದು ಬರಿಯ ಕುಳ್ಳನ ಚಿತ್ರ!

ಮಾಸ್ತಿಗಲ್ಲಿನ ಮಾತು ಇನ್ನೂ ಗಹನ. ಕಂಬದಿಂದ ಹೊರಚಾಚಿ ಮೇಲೆತ್ತಿದ ಒಂದು ತೋಳು, ಅದರಲ್ಲಿ ಒಡೆಯದ ಬಳೆಗಳು. ಪತಿಯೊಡನೆ ಚಿತೆಯೇರಿದವಳು ಮುತ್ತೈದೆಯಾಗಿಯೇ ಹೋದಳೆಂಬುದನ್ನು ಆ ಬಳೆಗಳು ಹೇಳುತ್ತವೆ. ಆಕೆಯ ಇಚ್ಛೆ ಏನಿತ್ತೆಂಬುದನ್ನು ಹೇಳುವುದಿಲ್ಲ. ಸಂಜ್ಞೆಯನ್ನು ಕಡೆಸಿದವರು ಬದುಕಿದ್ದವರೆಂಬುದನ್ನು ಚರಿತ್ರಕಾರನು ಮರೆಯಲಾಗದು.

ಇಂತಹ ಕಲ್ಲುಗಳು ಹಲವೆಡೆ ಮಾಸ್ತಮ್ಮನೆಂಬ ದೇವತೆಯಾಗಿ ಅರಿಸಿನ ಕುಂಕುಮಗಳನ್ನು ಪಡೆಯುತ್ತಿವೆ. ಇದನ್ನು ಅಜ್ಞಾನವೆಂದು ತಳ್ಳಿಹಾಕುವವರ ಪಕ್ಷ ನಮ್ಮದಲ್ಲ. ಹಳೆಯ ಅರ್ಥವು ಮಾಸಿದ ಮೇಲೆ ಕಲ್ಲನ್ನು ಕಾಪಾಡಿದುದು ಈ ಹೊಸ ಅರ್ಥವೇ. ಪೂಜೆಯೂ ಇಲ್ಲದ ಕಲ್ಲುಗಳು ಬಟ್ಟೆಯೊಗೆಯುವ ಚಪ್ಪಡಿಗಳಾಗಿರುವುದುಂಟು.